ಮೂಗಿನ ನಡುಗೋಡೆಯ ಡೊಂಕು: ತೆಗೆಯುವುದೆಷ್ಟು, ಉಳಿಸುವುದೆಷ್ಟು?

‘ಮೂಗಿನಲ್ಲಿ ಮೂಳೆ ಬೆಳೆದಿದೆ, ಆಪರೇಷನ್ ಆಗಬೇಕಂತೆ’ ಎಂಬ ಮಾತು ಸೋಲದೇವನಹಳ್ಳಿ, ಚಿಕ್ಕಬಾಣಾವರಗಳ ಕಡೆಯೂ ಹೊಸದಲ್ಲ. ವೈದ್ಯರ ಚೀಟಿಯಲ್ಲಿ ಇದಕ್ಕೆ ‘ಡಿಎನ್‌ಎಸ್’ ಎಂದು ಹೆಸರು. ವಾಸ್ತವದಲ್ಲಿ ಹೆಚ್ಚಿನವರಲ್ಲಿ ಮೂಳೆ ಬೆಳೆದಿರುವುದಿಲ್ಲ. ಎರಡು ಹೊಳ್ಳೆಗಳ ನಡುವಿನ ಗೋಡೆ ಒಂದು ಕಡೆಗೆ ಬಾಗಿರುತ್ತದೆ. ಈ ಗೋಡೆಯ ಮುಂಭಾಗ ಮೃದ್ವಸ್ಥಿ, ಹಿಂಭಾಗ ತೆಳು ಮೂಳೆ. ಅಲ್ಪಸ್ವಲ್ಪ ಡೊಂಕು ಬಹುತೇಕ ಎಲ್ಲರಲ್ಲೂ ಇದ್ದು, ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಅದನ್ನು ಮುಟ್ಟುವ ಅಗತ್ಯವಿಲ್ಲ.

ಶಸ್ತ್ರಚಿಕಿತ್ಸೆ ಬೇಕಾದಾಗ ಮುಖ್ಯವಾಗಿ ಕೇಳಿಬರುವ ಹೆಸರುಗಳು ಎರಡು: ಎಸ್‌ಎಂಆರ್ ಮತ್ತು ಸೆಪ್ಟೋಪ್ಲಾಸ್ಟಿ.

ಎಸ್‌ಎಂಆರ್ ಹಳೆಯದು. ಅಮೆರಿಕದ ಫ್ರೀಯರ್ 1902ರಲ್ಲಿ, ಜರ್ಮನಿಯ ಕಿಲಿಯನ್ 1904ರಲ್ಲಿ ಇದನ್ನು ವಿವರಿಸಿದರು. ಲೋಳ್ಪೊರೆಯನ್ನು ಎರಡೂ ಬದಿ ಬಿಡಿಸಿ, ನಡುವಿನ ಡೊಂಕು ಮೃದ್ವಸ್ಥಿ ಹಾಗೂ ಮೂಳೆಯನ್ನು ಬಹುಪಾಲು ತೆಗೆಯುವುದು ಇದರ ಕ್ರಮ. ಮೂಗಿನ ಬೆನ್ನಿಗೂ ತುದಿಗೂ ಆಧಾರವಾಗಿ ಸುಮಾರು ಒಂದು ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಮಾತ್ರ ಉಳಿಸಲಾಗುತ್ತದೆ. ಆ ಪಟ್ಟಿ ಕಿರಿದಾದರೆ ಮೂಗಿನ ಬೆನ್ನು ಕುದುರೆಯ ಜೀನಿನಂತೆ ಕುಸಿಯಬಹುದು. ಎರಡೂ ಬದಿಯ ಪೊರೆ ಒಂದೇ ಜಾಗದಲ್ಲಿ ಹರಿದರೆ ಗೋಡೆಯಲ್ಲಿ ರಂಧ್ರವಾಗಿ, ಹೆಕ್ಕಳೆ ಕಟ್ಟುವುದು, ರಕ್ತಸ್ರಾವ, ಉಸಿರಾಡುವಾಗ ಸಿಳ್ಳೆಯ ಸದ್ದು ಕಾಣಿಸಿಕೊಳ್ಳಬಹುದು. ಗೋಡೆಯ ಮುಂತುದಿಯೇ ಬಾಗಿದ್ದರೆ ಈ ವಿಧಾನದಿಂದ ಪ್ರಯೋಜನವೂ ಕಡಿಮೆ.

ಕಾಟಲ್ 1940ರ ದಶಕದಲ್ಲಿ ರೂಢಿಗೆ ತಂದ ಸೆಪ್ಟೋಪ್ಲಾಸ್ಟಿಯ ದೃಷ್ಟಿ ಬೇರೆ. ಇಲ್ಲಿ ಮೃದ್ವಸ್ಥಿಯನ್ನು ಆದಷ್ಟು ಉಳಿಸಿ, ಡೊಂಕಿಗೆ ಕಾರಣವಾದ ಭಾಗವನ್ನಷ್ಟೇ ತೆಗೆದು, ಉಳಿದುದನ್ನು ನಡುವಿಗೆ ತಂದು ಹೊಲಿಗೆಯಿಂದ ನಿಲ್ಲಿಸುತ್ತಾರೆ. ಮುಂತುದಿಯ ಡೊಂಕನ್ನೂ ಸರಿಪಡಿಸಬಹುದು. ಮಕ್ಕಳ ಮೂಗು ಇನ್ನೂ ಬೆಳೆಯುತ್ತಿರುವುದರಿಂದ ಅವರಿಗೆ ಎಸ್‌ಎಂಆರ್ ಮಾಡುವುದಿಲ್ಲ. ಅನಿವಾರ್ಯವಾದರೆ ಮಿತವಾದ ಸೆಪ್ಟೋಪ್ಲಾಸ್ಟಿ. ಆದರೆ ಮೃದ್ವಸ್ಥಿಗೆ ಹಳೆಯ ಬಾಗಿನ ‘ನೆನಪು’ ಇರುವುದರಿಂದ ಡೊಂಕು ಸ್ವಲ್ಪ ಮರಳುವ ಸಾಧ್ಯತೆಯೂ ಇದೆ.

1990ರ ದಶಕದಿಂದ ಬಂದ ಎಂಡೋಸ್ಕೋಪಿಕ್ ಸೆಪ್ಟೋಪ್ಲಾಸ್ಟಿ ತತ್ತ್ವದಲ್ಲಿ ಹೊಸದೇನಲ್ಲ. ದೂರದರ್ಶಕ ನಳಿಗೆಯ ಬೆಳಕಿನಲ್ಲಿ ಅದೇ ಕೆಲಸ. ಹಿಂಬದಿಯ ಮುಳ್ಳಿನಂಥ ಮೂಳೆಯನ್ನು ಮಾತ್ರ ತೆಗೆಯಲು ಇದು ಬಹಳ ಅನುಕೂಲ. ಮುಂತುದಿಯ ಡೊಂಕಿಗೆ ನೇರ ನೋಟದ ವಿಧಾನವೇ ಸಾಕು. ‘ಎಂಡೋಸ್ಕೋಪಿ’ ಎಂಬ ಹೆಸರಿಗಾಗಿಯೇ ಹೆಚ್ಚು ಹಣ ತೆರಬೇಕಿಲ್ಲ.

ಶಸ್ತ್ರಚಿಕಿತ್ಸೆಯಿಂದ ನಿಜಕ್ಕೂ ಲಾಭವಿದೆಯೇ? ನೆದರ್ಲೆಂಡ್ಸ್‌ನಲ್ಲಿ 203 ವಯಸ್ಕರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೂ, ಬ್ರಿಟನ್‌ನಲ್ಲಿ 378 ಮಂದಿಯ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೂ ಹೌದೆನ್ನುತ್ತವೆ. ಆದರೆ ಧೂಳಿನ ಅಲರ್ಜಿಯಿಂದ ಬರುವ ಸೀನು, ನೆಗಡಿ ಇದರಿಂದ ಹೋಗುವುದಿಲ್ಲ. ಅದಕ್ಕೆ ಸ್ಪ್ರೇ ಮುಂದುವರಿಸಲೇಬೇಕು. ಮೂಗು ಕಟ್ಟಲು ಪಕ್ಕದ ಗೋಡೆಯ ಊತವೇ ಕಾರಣವಾಗಿದ್ದರೆ ನಡುಗೋಡೆ ನೆಟ್ಟಗಾದರೂ ಫಲ ಅಷ್ಟಕ್ಕಷ್ಟೆ.

ಹೆಸರಘಟ್ಟ ರಸ್ತೆಯ ಚಿಕ್ಕಸಂದ್ರದ ಸಪ್ತಗಿರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಈ ಭಾಗದವರಿಗೆ ಹತ್ತಿರ. ಸರ್ಕಾರಿ ವ್ಯವಸ್ಥೆಯಲ್ಲಿ ವಿಕ್ಟೋರಿಯಾ ಆವರಣದ ಶ್ರೀ ವೆಂಕಟೇಶ್ವರ ಇಎನ್‌ಟಿ ಸಂಸ್ಥೆ ಇದೆ. ಎಲ್ಲಿಗೆ ಹೋದರೂ ‘ಡೊಂಕು ಮುಂದಿದೆಯೋ ಹಿಂದಿದೆಯೋ, ಎಷ್ಟು ತೆಗೆಯುತ್ತೀರಿ’ ಎಂದು ಕೇಳಿಕೊಳ್ಳುವುದು ಒಳಿತು. ಮನೆಗೆ ಮರಳಿದ ಬಳಿಕ ಎರಡೂ ಹೊಳ್ಳೆ ಒಮ್ಮೆಲೇ ಕಟ್ಟಿ ನೋವು, ಜ್ವರ ಕಂಡರೆ ಪೊರೆಗಳ ನಡುವೆ ರಕ್ತ ಹೆಪ್ಪುಗಟ್ಟಿರಬಹುದು. ಮರುದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.