ಹಸಿರು ಕಾರು, ಗುಲಾಬಿ ಕಾರು

ಕಾರಿನ ವಿಷಯ ಗಂಡಸರಿಗಿರಲಿ ಅಂತ ಪುಟ ತಿರುವಬೇಡಿ, ಸೋದರಿಯರೇ. ಅಮೆರಿಕದ ಈ ಎರಡು ಹಳೆಯ ಕಾರುಗಳ ಕಥೆ ನಮ್ಮದೇ.

ಮೊದಲನೆಯದು 1909ರ ಮ್ಯಾಕ್ಸ್‌ವೆಲ್. ಕಡು ಹಸಿರು ಬಣ್ಣ, 30 ಅಶ್ವಶಕ್ತಿಯ ಎಂಜಿನ್. ಸ್ಟಾರ್ಟ್ ಮಾಡಬೇಕಾದರೆ ಕೆಳಗಿಳಿದು, ಮುಂದುಗಡೆ ಕಬ್ಬಿಣದ ಹ್ಯಾಂಡಲ್ ಹಾಕಿ, ತೋಳು ಬಿದ್ದುಹೋಗುವ ಹಾಗೆ ತಿರುಗಿಸಬೇಕು. ಇಂಥ ಕಾರಿನಲ್ಲಿ ಆಲಿಸ್ ರಾಮ್ಸೆ ಎಂಬ 22 ವರ್ಷದ ಗೃಹಿಣಿ, ಪುಟ್ಟ ಮಗುವನ್ನು ಮನೆಯಲ್ಲಿ ಬಿಟ್ಟು, ಜೂನ್ 9ರಂದು ನ್ಯೂಯಾರ್ಕಿನಿಂದ ಹೊರಟಳು. ಜೊತೆಗೆ ಇಬ್ಬರು ನಾದಿನಿಯರು, ಒಬ್ಬ ಗೆಳತಿ. ಆ ಮೂವರಿಗೂ ಕಾರು ಓಡಿಸಲು ಬಾರದು! ಖರ್ಚು ಕಂಪನಿಯದು. ಹೆಂಗಸೂ ಓಡಿಸಬಹುದಾದ ಗಟ್ಟಿ ಕಾರು ಎಂಬ ಪ್ರಚಾರ ಅವರಿಗೆ ಬೇಕಿತ್ತು.

ದಾರಿಯುದ್ದಕ್ಕೂ ಕೆಸರು, ಹಳ್ಳ. ಆಲಿಸ್ 11 ಸಲ ಟೈರು ಬದಲಾಯಿಸಿದಳು. ರೇಡಿಯೇಟರಿಗೆ ನೀರು ತರಲು ಪಾತ್ರೆಯಿಲ್ಲದಾಗ, ಹಲ್ಲುಜ್ಜುವ ಬ್ರಷ್ ಇಡುವ ಗಾಜಿನ ಡಬ್ಬಿಗಳಲ್ಲೇ ಹಳ್ಳದ ನೀರು ತುಂಬಿ ತಂದರಂತೆ. ಸುಮಾರು 6,100 ಕಿಲೋಮೀಟರ್ ಕ್ರಮಿಸಿ, 59 ದಿನಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಸೇರಿದರು. ಕಾರು ಓಡಿಸಿಕೊಂಡು ಅಮೆರಿಕ ದಾಟಿದ ಮೊದಲ ಮಹಿಳೆ ಈಕೆ.

ಆ ಮ್ಯಾಕ್ಸ್‌ವೆಲ್ ಕಂಪನಿಯೇ 1925ರಲ್ಲಿ ಕ್ರೈಸ್ಲರ್ ಆಯಿತು. 1955ರಲ್ಲಿ ಕ್ರೈಸ್ಲರ್‌ನ ಡಾಡ್ಜ್ ವಿಭಾಗ ಮಹಿಳೆಯರಿಗೆಂದೇ ಒಂದು ಕಾರು ತಂದಿತು. ಹೆಸರು ಲಾ ಫಾಮ್, ಅಂದರೆ ಫ್ರೆಂಚಿನಲ್ಲಿ ಹೆಂಗಸು. ಗುಲಾಬಿ ಮತ್ತು ಬಿಳಿ ಬಣ್ಣ, ಗುಲಾಬಿ ಮೊಗ್ಗಿನ ಚಿತ್ರದ ಸೀಟು. ಸೀಟಿನ ಹಿಂದೆ ರೇನ್‌ಕೋಟು, ಛತ್ರಿ, ವ್ಯಾನಿಟಿ ಬ್ಯಾಗು. ಬ್ಯಾಗಿನೊಳಗೆ ಪೌಡರು, ಬಾಚಣಿಗೆ! ಈ ಅಲಂಕಾರಕ್ಕೆ 143 ಡಾಲರ್ ಹೆಚ್ಚುವರಿ. ಒಳಗಿನ ಯಂತ್ರ ಮಾತ್ರ ಅದೇ ಕಂಪನಿಯ ಬೇರೆ ಕಾರಿನದ್ದೇ. ಎರಡು ವರ್ಷದಲ್ಲಿ 2,500 ಕೂಡ ಖರ್ಚಾಗಲಿಲ್ಲವೆಂದು ಅಂದಾಜು. 1956ಕ್ಕೇ ಅದರ ಕಥೆ ಮುಗಿಯಿತು.

ಹಾಗಾದರೆ ಹೆಣ್ಣುಮಕ್ಕಳಿಗೆ ನಿಜವಾಗಿ ಅನುಕೂಲವಾದದ್ದು ಯಾವುದು? 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಬಂದ ವಿದ್ಯುತ್ ಸ್ಟಾರ್ಟರ್. ಕೈಯಿಂದ ತಿರುಗಿಸುವ ಪಾಡು ತಪ್ಪಿತು. ಅದಕ್ಕೆ ಗುಲಾಬಿ ಬಣ್ಣವೂ ಇರಲಿಲ್ಲ, ಹೆಂಗಸರದೆಂಬ ಹೆಸರೂ ಇರಲಿಲ್ಲ. ಗಂಡಸರಿಗೂ ಸುಖವಾಯಿತು ಅನ್ನಿ!

ಹಸಿರು ಕಾರಿನ ಕಂಪನಿ ಹೆಣ್ಣಿನ ಕೈಗೆ ಸ್ಟಿಯರಿಂಗ್ ಕೊಟ್ಟು, ಆಕೆಯ ಜಾಣತನವನ್ನು ನಂಬಿತು. ಗುಲಾಬಿ ಕಾರು ಆಕೆಯ ಕೈಗೆ ಬ್ಯಾಗು ಕೊಟ್ಟಿತು. ನಾಳೆ ನೀವು ಸ್ಕೂಟರೋ ಮಿಕ್ಸಿಯೋ ಕೊಳ್ಳಲು ಹೋದಾಗ, "ಇದು ಲೇಡೀಸ್‌ಗೆ ಅಂತಲೇ ಬಂದಿರೋದು ಮೇಡಂ" ಅಂತ ಅಂಗಡಿಯವರು ಹೂವಿನ ಚಿತ್ರ ತೋರಿಸಿದರೆ ಮರುಳಾಗಬೇಡಿ. ಬ್ರೇಕು ಹೇಗೆ ಹಿಡಿಯುತ್ತೆ, ಮೋಟಾರು ಎಷ್ಟರದು, ರಿಪೇರಿಗೆ ಊರಲ್ಲಿ ಜನ ಸಿಗ್ತಾರಾ, ಅದನ್ನು ಕೇಳಿ. ಬಣ್ಣ ಆಮೇಲೆ ಆರಿಸಿದರಾಯ್ತು.