ಆಸನ ಖಾಲಿ, ಬಳಗ ದೊಡ್ಡದು

2023ರ ಜೂನ್ 16, ಬೆಳಿಗ್ಗೆ 7 ಗಂಟೆ 35 ನಿಮಿಷ. ಚಳ್ಳಕೆರೆ ತಾಲ್ಲೂಕಿನ ಬಯಲಿನಿಂದ ಒಂದು ವಿಮಾನ ಮೇಲೇರಿತು. ಹೆಸರು ತಪಸ್. ಅದರೊಳಗೆ ಒಂದು ನರಪಿಳ್ಳೆಯೂ ಇರಲಿಲ್ಲ! ಏರುತ್ತ ಏರುತ್ತ 20,000 ಅಡಿ ಮುಟ್ಟಿತು. ಅದೇ ಹೊತ್ತಿಗೆ ಕಾರವಾರ ನೌಕಾನೆಲೆಯಿಂದ 148 ಕಿ.ಮೀ. ಆಚೆ, ಕಡಲ ಮೇಲೆ ಐಎನ್‌ಎಸ್ ಸುಭದ್ರಾ ಎಂಬ ಹಡಗು ಕಾದು ನಿಂತಿತ್ತು. ಹಡಗಿನೊಳಗೊಂದು ನಿಯಂತ್ರಣ ಕೇಂದ್ರ, ಸಂಕೇತ ಹಿಡಿಯಲು ಎರಡು ಟರ್ಮಿನಲ್. ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ನೆಲದ ಮೇಲಿದ್ದವರು ಹಾರುತ್ತಿರುವ ವಿಮಾನವನ್ನು ಕಡಲ ಮೇಲಿದ್ದವರಿಗೆ ಒಪ್ಪಿಸಿದರು! ಮೂರೂವರೆ ತಾಸಿನ ಆ ಹಾರಾಟದಲ್ಲಿ 40 ನಿಮಿಷ ಹಡಗಿನವರೇ ಅದನ್ನು ನಡೆಸಿದರು. ಕೆಲಸ ಮುಗಿದ ಮೇಲೆ ತಪಸ್ ಚಳ್ಳಕೆರೆಯ ಅದೇ ರನ್‌ವೇಗೆ ಬಂದು ಕರಾರುವಾಕ್ಕಾಗಿ ಇಳಿಯಿತು.

ಚಳ್ಳಕೆರೆಯಿಂದ ಕಾರವಾರಕ್ಕೆ 285 ಕಿ.ಮೀ. ನಡುವೆ ಮಲೆನಾಡು, ಪಶ್ಚಿಮ ಘಟ್ಟ. ನೇರವಾಗಿ ಸಾಗುವ ರೇಡಿಯೊ ಅಲೆಗೆ ಭೂಮಿಯ ಬಾಗೇ ಅಡ್ಡ ಗೋಡೆ. ಆದರೆ 20,000 ಅಡಿ ಮೇಲಿರುವ ವಿಮಾನಕ್ಕೆ ಆ ಗೋಡೆ ಸುಮಾರು 320 ಕಿ.ಮೀ. ದೂರಕ್ಕೆ ಸರಿಯುತ್ತದೆ. ಲೆಕ್ಕವೇನೋ ಸರಳ. ಆದರೆ ಹತ್ತಿರಹತ್ತಿರ ಎರಡು ಟನ್ ತೂಗುವ ಯಂತ್ರವನ್ನು, ಕೂಸನ್ನು ತೋಳಿಂದ ತೋಳಿಗೆ ದಾಟಿಸುವಂತೆ, ಕಣ್ಣಿಗೆ ಕಾಣದವರ ಕೈಗೆ ಕೊಡುವುದಿದೆಯಲ್ಲ, ಅದಕ್ಕೆ ಎಂಥ ಗಟ್ಟಿ ನಂಬಿಕೆ ಬೇಕು!

ಪೈಲಟ್ ಇಲ್ಲದ ವಿಮಾನ ತಾನೇ ತಾನಾಗಿ ಹಾರುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಚಳ್ಳಕೆರೆಯ ಕತೆಯನ್ನು ಕೆದಕುತ್ತ ಹೋದಂತೆ ಸಿಗುವುದು ತದ್ವಿರುದ್ಧವಾದ ಸಂಗತಿ. ಆಸನ ಖಾಲಿಯಾದಷ್ಟೂ ಅದರ ಹಿಂದಿನ ಬಳಗ ದೊಡ್ಡದಾಗುತ್ತದೆ!

2016ರ ನವೆಂಬರ್‌ನಲ್ಲಿ ಇದೇ ವಿಮಾನ, ಆಗ ಅದನ್ನು ರುಸ್ತುಂ-2 ಎಂದೂ ಕರೆಯುತ್ತಿದ್ದರು, ಮೊದಲ ಸಲ ಇಲ್ಲಿಂದ ಹಾರಿತು. ಅದನ್ನು ರೂಪಿಸಿದ್ದು ಡಿಆರ್‌ಡಿಒದ ಬೆಂಗಳೂರಿನ ಪ್ರಯೋಗಾಲಯ ಎಡಿಇ. ಹಾರಾಟಕ್ಕೆ ಸಜ್ಜುಗೊಳಿಸಿದವರು ಡಿಆರ್‌ಡಿಒದ ಎಳೆಯ ವಿಜ್ಞಾನಿಗಳು, ನಡೆಸಿದವರು ಸೇನಾಪಡೆಗಳ ಪೈಲಟ್‌ಗಳು. ಪೈಲಟ್‌ಗಳಲ್ಲಿ ಎರಡು ಬಗೆ. ಹೊರಗಿನ ಪೈಲಟ್ ರನ್‌ವೇ ಬದಿಯಲ್ಲಿ ನಿಂತು, ವಿಮಾನವನ್ನು ಬರಿಗಣ್ಣಿನಿಂದ ನೋಡುತ್ತ, ಕೈಯಲ್ಲಿ ಹಿಡಿದ ನಿಯಂತ್ರಕದಿಂದ ಏರಿಸುತ್ತಾನೆ, ಇಳಿಸುತ್ತಾನೆ. ವಿಮಾನ ಅವನತ್ತ ಮುಖ ಮಾಡಿ ಬರುವಾಗ ಅದರ ಎಡ ಅವನ ಬಲ, ಅದರ ಬಲ ಅವನ ಎಡ. ಒಂದು ಕ್ಷಣ ಗೊಂದಲವಾದರೆ ಮುಗಿಯಿತು! ಒಳಗಿನ ಪೈಲಟ್ ಕೋಣೆಯಲ್ಲಿ ಕೂತು ಪರದೆಯ ಅಂಕಿಗಳನ್ನೂ ಕ್ಯಾಮೆರಾ ಚಿತ್ರವನ್ನೂ ನಂಬಿ ಹಾರಿಸುತ್ತಾನೆ. ಅವನ ಬೆನ್ನಿಗೆ ಎಂಜಿನ್ನಿನ ಮೇಲೆ ಕಣ್ಣಿಟ್ಟವರು, ಸಂಪರ್ಕ ಕಾಯುವವರು, ಕ್ಯಾಮೆರಾ ತಿರುಗಿಸುವವರು. ಒಂದೇ ವಿಮಾನ, ಎಷ್ಟೊಂದು ಕಣ್ಣು, ಎಷ್ಟೊಂದು ಕೈ!

ಈಗ ಇದೇ ರನ್‌ವೇಯ ಇನ್ನೊಂದು ಬೆಳಗಿಗೆ ಬನ್ನಿ. 2023ರ ಏಪ್ರಿಲ್ 2. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಇಸ್ರೊದ ರೆಕ್ಕೆಯ ವಾಹನವನ್ನು ಹೊಟ್ಟೆಯ ಕೆಳಗೆ ತೂಗುಹಾಕಿಕೊಂಡು ನಾಲ್ಕೂವರೆ ಕಿ.ಮೀ. ಮೇಲಕ್ಕೆ ಒಯ್ದಿತು. ಎಲ್ಲಿದ್ದೇವೆ, ಎಷ್ಟು ವೇಗ, ಎಷ್ಟು ಎತ್ತರ, ಮೈ ಎಷ್ಟು ಹೊರಳುತ್ತಿದೆ ಎಂಬಂಥ ಹತ್ತು ಅಳತೆಗಳು ಸರಿಹೊಂದಬೇಕು. ಹೊಂದಿದೊಡನೆ ವಾಹನದ ಗಣಕವೇ ಆಜ್ಞೆ ಕೊಟ್ಟು ಕೊಕ್ಕೆ ಕಳಚಿತು! ರನ್‌ವೇ ಇನ್ನೂ 4.6 ಕಿ.ಮೀ. ದೂರ. ಅಲ್ಲಿಂದ ಮುಂದೆ ಎಂಜಿನ್ನಿನ ಬಲವಿಲ್ಲ, ಮನುಷ್ಯನ ಕೈಯಿಲ್ಲ. 7 ಗಂಟೆ 40 ನಿಮಿಷಕ್ಕೆ ಗಾಲಿ ನೆಲ ಮುಟ್ಟಿತು. ರೆಕ್ಕೆಯ ವಾಹನವೊಂದನ್ನು ಹೆಲಿಕಾಪ್ಟರ್ ಅಷ್ಟು ಎತ್ತರಕ್ಕೆ ಒಯ್ದು ಬಿಟ್ಟು, ಅದು ತಾನಾಗಿ ರನ್‌ವೇಯಲ್ಲಿ ಇಳಿದದ್ದು ಜಗತ್ತಿನಲ್ಲೇ ಮೊದಲು ಎಂದು ಇಸ್ರೊ ಸಾರಿತು. ಆ ಮೊದಲು ನಡೆದದ್ದು ನಮ್ಮ ಶೇಂಗಾ ನಾಡಿನಲ್ಲಿ!

2024ರ ಮಾರ್ಚ್ 22ಕ್ಕೆ ಎರಡನೆಯ ಸಲ, ಪುಷ್ಪಕ್ ಎಂಬ ಹೆಸರಿನಲ್ಲಿ. ಜೂನ್ 23ಕ್ಕೆ ಮೂರನೆಯದು, ಮಾರ್ಚ್‌ನಲ್ಲಿ ಇಳಿದಿದ್ದ ಅದೇ ಒಡಲು, ಅದೇ ಸಲಕರಣೆ. ಈ ಸಲ ಬೇಕೆಂದೇ ರನ್‌ವೇ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟರು. ಪುಷ್ಪಕ್ ತಾನೇ ದಾರಿ ತಿದ್ದಿಕೊಂಡು, ಗಂಟೆಗೆ 320 ಕಿ.ಮೀ.ಗೂ ಮೀರಿದ ವೇಗದಲ್ಲಿ ಇಳಿಯಿತು. ಅಂದರೆ ಸೆಕೆಂಡಿಗೆ ಸುಮಾರು 89 ಮೀಟರ್! ಸಾಮಾನ್ಯ ಯುದ್ಧವಿಮಾನ ಇಳಿಯುವುದು 280ರ ಆಸುಪಾಸಿನಲ್ಲಿ. ಬಾಲದಿಂದ ಬಿಚ್ಚಿಕೊಂಡ ಪ್ಯಾರಾಚೂಟ್ ವೇಗವನ್ನು 100ರ ಹತ್ತಿರಕ್ಕೆ ಎಳೆದು ತಂದಿತು. ಆ ಕೆಲವು ನಿಮಿಷಗಳ ಹಿಂದೆ ಇಸ್ರೊ, ವಾಯುಪಡೆ, ಡಿಆರ್‌ಡಿಒದ ಹಲವು ಪ್ರಯೋಗಾಲಯಗಳು, ಐಐಟಿ ಕಾನ್ಪುರ, ವಿಮಾನ ನಿಲ್ದಾಣ ಪ್ರಾಧಿಕಾರ ಎಲ್ಲವೂ ಇದ್ದವು. ಚಿನೂಕ್ ನಡೆಸಿದ ಪೈಲಟ್‌ಗಳು ಹೆಲಿಕಾಪ್ಟರನ್ನು ಎಷ್ಟು ಸ್ಥಿರವಾಗಿ ಹಿಡಿದಿರಬೇಕು, ಯೋಚಿಸಿ!

ಇಂಥ ಜೊತೆಗಾರಿಕೆಯ ಮೊದಲ ಪಾಠಗಳನ್ನು ಇವತ್ತು ಜಗತ್ತಿನ ಅದೆಷ್ಟೋ ಮನೆಗಳಲ್ಲಿ ರಾತ್ರಿ ಊಟ ಮುಗಿಸಿದವರು ಕಲಿಯುತ್ತಿದ್ದಾರೆ. ಡಿಸಿಎಸ್ ವರ್ಲ್ಡ್, ಐಎಲ್-2 ಸ್ಟರ್ಮೊವಿಕ್ ಎಂಬ ಯುದ್ಧವಿಮಾನ ಸಿಮ್ಯುಲೇಟರ್‌ಗಳಲ್ಲಿ ಗೆಳೆಯರು ಆನ್‌ಲೈನ್ ಸ್ಕ್ವಾಡ್ರನ್ ಕಟ್ಟುತ್ತಾರೆ. ಡಿಸಿಎಸ್‌ನ ಎಫ್-14 ವಿಮಾನದಲ್ಲಿ ಮುಂದಿನ ಆಸನದ ಪೈಲಟ್ ಒಂದು ದೇಶದ ಮನೆಯಲ್ಲಿ, ಹಿಂದಿನ ಆಸನದ ರೇಡಾರ್ ಅಧಿಕಾರಿ ಇನ್ನೊಂದು ದೇಶದ ಮನೆಯಲ್ಲಿ ಕೂತಿರಬಹುದು! ಇಬ್ಬರೂ ಒಂದೇ ಯಂತ್ರದ ಎರಡು ಅರ್ಧ. ರೇಡಿಯೊದಲ್ಲಿ ಚುಟುಕು ಮಾತು: ಶತ್ರು ಕಂಡರೆ ‘ಟ್ಯಾಲಿ’, ಜೊತೆಗಾರ ಕಂಡರೆ ‘ವಿಷುವಲ್’, ಹಿಂದಿರುಗಲು ಬೇಕಾದಷ್ಟೇ ಇಂಧನ ಉಳಿದರೆ ‘ಬಿಂಗೊ’. ಮುಂದೆ ಹಾರುವವನು ಹಿಂದೆ ತಿರುಗಿ ನೋಡುತ್ತ ಕೂರುವಂತಿಲ್ಲ. ಅವನ ಬೆನ್ನು ಕಾಯುವುದು ಪಕ್ಕದವನ ಹೊಣೆ.

ಆ ಹೊಣೆಗೆ ಒಂದು ದೊಡ್ಡ ಚರಿತ್ರೆಯೇ ಇದೆ. ಅಮೆರಿಕದ ನೌಕಾ ಪೈಲಟ್ ಜಾನ್ ಥ್ಯಾಚ್ 1941ರಲ್ಲಿ ಮನೆಯ ಮೇಜಿನ ಮೇಲೆ ಬೆಂಕಿಕಡ್ಡಿಗಳನ್ನು ವಿಮಾನವೆಂದುಕೊಂಡು ಜೋಡಿಸುತ್ತ ಕೂತ. ತಮ್ಮದಕ್ಕಿಂತ ಚುರುಕಾದ ಜಪಾನಿನ ಝೀರೊ ವಿಮಾನವನ್ನು ಎದುರಿಸುವುದು ಹೇಗೆ? ಹೊಳೆದ ಉಪಾಯ ಇಷ್ಟೇ: ಜೋಡಿಯಾಗಿ ಹಾರಿ, ಒಬ್ಬರತ್ತ ಒಬ್ಬರು ತಿರುಗುತ್ತ ಹೆಣೆದುಕೊಳ್ಳಿ. ನನ್ನ ಬೆನ್ನಟ್ಟಿದವನು ನಿನ್ನ ಗುರಿಗೆ ಸಿಗುತ್ತಾನೆ! 1942ರ ಜೂನ್‌ನಲ್ಲಿ ಮಿಡ್‌ವೇ ಕಾಳಗದಲ್ಲಿ ಅದು ಕೆಲಸ ಮಾಡಿತು. ಬೆಂಕಿಕಡ್ಡಿಯ ಜಾಗಕ್ಕೆ ಈಗ ಸಿಮ್ಯುಲೇಟರ್ ಬಂದಿದೆ. ತೇಜಸ್ ವಿಮಾನ 2001ರ ಜನವರಿ 4ರಂದು ಮೊದಲು ಹಾರುವ ಮುನ್ನ ಅದರ ಸಿಮ್ಯುಲೇಟರ್ ಕಟ್ಟಿ ಪೈಲಟ್‌ಗಳನ್ನೂ ಎಂಜಿನಿಯರ್‌ಗಳನ್ನೂ ಒಟ್ಟಿಗೆ ಕೂರಿಸಿದ್ದು ಯಾರು ಗೊತ್ತೇ? ತಪಸ್ಸನ್ನು ರೂಪಿಸಿದ ಅದೇ ಎಡಿಇ!

ದೂರದಿಂದ ದೂರಕ್ಕೆ ಆಜ್ಞೆ ದಾಟಿಸುವುದು ಈ ಸೀಮೆಗೆ ಹೊಸತೇ? ಪಕ್ಕದ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿ ನೋಡಿ. ಅಲ್ಲಿನ ಬಂಡೆಯ ಮೇಲೆ ಅಶೋಕನ ಶಾಸನವಿದೆ, 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದದ್ದು. ಅರಸನ ಮಾತು ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಅಧಿಕಾರಿಗಳ ಮೂಲಕ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಬಂದಿದೆ. ಆಜ್ಞೆಗೂ ಮೊದಲು ಅವರ ಆರೋಗ್ಯ ವಿಚಾರಿಸಿದ್ದಾರೆ! ಕೊನೆಯಲ್ಲಿ, ಬರೆದ ಲಿಪಿಕಾರ ಚಪಡನ ಹೆಸರೂ ಇದೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ, ಆಜ್ಞೆ ಕೊಟ್ಟವರಿಂದ ಬರೆದ ಕೈವರೆಗೆ ಇಡೀ ಸರಪಳಿ ಕಲ್ಲಿನಲ್ಲಿ ದಾಖಲಾಗಿದೆ.

ಚಳ್ಳಕೆರೆಯ ಈ ಬಯಲೂ ಒಂದು ದೊಡ್ಡ ಬಳಗದ ನೆಲವೇ. ಅಮೃತಮಹಲ್ ದನಗಳು ಮೇಯುತ್ತ ಬಂದ, ಕುರಿಗಾಹಿಗಳು ತಲೆಮಾರುಗಳಿಂದ ಮಂದೆ ಮೇಯಿಸಿಕೊಂಡು ಬಂದ ಕಾವಲು ಇದು. ಇಂಥ ಪರೀಕ್ಷೆಗಳಿಗಾಗಿ ಬೇಲಿ ಬಂದಾಗ ಸುತ್ತಲಿನ ಹಳ್ಳಿಯವರು ಪ್ರತಿಭಟಿಸಿದರು, ಹಸಿರು ನ್ಯಾಯಮಂಡಳಿಯವರೆಗೂ ವ್ಯಾಜ್ಯ ಹೋಯಿತು. ಮೇಲಿನ ಒಂದೊಂದು ಹಾರಾಟದಲ್ಲೂ ಆ ಹಳ್ಳಿಗಳ ಪಾಲಿದೆ. ಅಲ್ಲಿ ಏನು ನಡೆಯುತ್ತದೆಂದು ಮೊದಲು ತಿಳಿಯಬೇಕಾದವರೂ ಅವರೇ.

ತಪಸ್ ಬಿದ್ದದ್ದೂ ಉಂಟು. 2019ರ ಸೆಪ್ಟೆಂಬರ್ 17ರಂದು ಜೋಡಿಚಿಕ್ಕೇನಹಳ್ಳಿಯ ಹೊಲದಲ್ಲಿ, 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದೀಕೆರೆ ಬಳಿ. ಸೇನೆ ಬಯಸಿದ ಎತ್ತರವನ್ನೂ ಅವಧಿಯನ್ನೂ ತಪಸ್ ಪೂರ್ತಿ ಮುಟ್ಟಲಿಲ್ಲ. ಆದರೂ 2023ರ ಡಿಸೆಂಬರ್ 15ರಂದು ಬಾಲವೇ ಇಲ್ಲದ, ಬರೀ ರೆಕ್ಕೆಯಾಕಾರದ ವಿಮಾನವೊಂದು ಇದೇ ನೆಲದ ಮೇಲೆ ಪೈಲಟ್ ಇಲ್ಲದೆ, ನೆಲದ ರೇಡಾರಿನ ಹಂಗೂ ಇಲ್ಲದೆ ತಾನಾಗಿ ಇಳಿಯಿತು! ಬಿದ್ದ ವಿಮಾನದ ಚೂರುಗಳನ್ನು ಆರಿಸಿ, ದಾಖಲೆ ಕೆದಕಿ, ಎಲ್ಲಿ ತಪ್ಪಿತೆಂದು ಎಲ್ಲರೂ ಕೂತು ಮಾತಾಡದೆ ಮುಂದಿನ ಹೆಜ್ಜೆ ಸಾಧ್ಯವಿಲ್ಲ. ಆನ್‌ಲೈನ್ ಸ್ಕ್ವಾಡ್ರನ್‌ಗಳೂ ಹಾರಾಟ ಮುಗಿದ ಮೇಲೆ ದಾಖಲೆಯನ್ನು ಮತ್ತೆ ಓಡಿಸಿ ನೋಡುತ್ತವೆ. ಅಲ್ಲಿ ಹೆಚ್ಚು ಬೆಲೆ ಇರುವುದು ತನ್ನ ತಪ್ಪನ್ನು ತಾನೇ ಮೊದಲು ಹೇಳುವವನಿಗೆ.

ಚಳ್ಳಕೆರೆ, ಮೊಳಕಾಲ್ಮುರಿನ ಹುಡುಗ ಹುಡುಗಿಯರೇ, ಒಂದು ಕಂಪ್ಯೂಟರ್, ಒಂದು ಜಾಯ್‌ಸ್ಟಿಕ್ ಸಿಕ್ಕರೆ ಒಬ್ಬೊಬ್ಬರೇ ಹಾರಬೇಡಿ. ಇನ್ನೂ ಮೂವರನ್ನು ಸೇರಿಸಿಕೊಳ್ಳಿ. ಇವತ್ತು ನೀವು ಮುಂದೆ, ನಾಳೆ ಅವರು. ಗೆಳತಿಯ ಬೆನ್ನು ಕಾಯುವ ಪಾಳಿ ಬಂದಾಗ ಎದುರಿಗೆ ಎಷ್ಟೇ ಸುಲಭದ ಗುರಿ ಕಂಡರೂ ಜಾಗ ಬಿಟ್ಟು ಕದಲಬೇಡಿ. ಅದನ್ನು ಕಲಿತವರು ಬೇಕಾಗಿದ್ದಾರೆ, ನಿಮ್ಮ ಊರಿನ ಪಕ್ಕದಲ್ಲೇ!