ಶಾಲೆಯ ಹಿತ್ತಲಿನಲ್ಲಿ ಕುಂಬಳದ ಬಳ್ಳಿ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಕುಂಬಳಕಾಯಿಯನ್ನು ಅರಿಯದ ಮನೆಯಿಲ್ಲ. ನಿತ್ಯದ ಪಲ್ಯಕ್ಕೂ ಹಬ್ಬದ ಗಾರಿಗೆಗೂ ಅದು ಬೇಕು. ಆದರೂ ಬಳ್ಳಿಯಲ್ಲಿ ಹೀಚು ಹಳದಿಯಾಗಿ ಉದುರಿದರೆ ದೃಷ್ಟಿ ತಾಗಿತೆನ್ನುವವರು ಇಂದಿಗೂ ಉಂಟು. ಇದರ ನಿಜವಾದ ಕಾರಣವನ್ನು ಪ್ರಾಥಮಿಕ ಶಾಲೆಯ ಮಕ್ಕಳು ಸ್ವಹಸ್ತದಿಂದಲೇ ಕಂಡುಕೊಳ್ಳಬಲ್ಲರು.

ಮಾಡಿ ಕಲಿಯುವ ಪದ್ಧತಿಯು ನಮ್ಮ ನಾಡಿಗೆ ಹೊಸದಲ್ಲ. ೧೯೯೫ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ‘ನಲಿ-ಕಲಿ’ಯು ಮುಂದೆ ರಾಜ್ಯದಲ್ಲೆಲ್ಲ ಹರಡಿತು. ‘ಅಕ್ಷರ ದಾಸೋಹ’ದ ಬಿಸಿಯೂಟವು ೨೦೦೨ರಲ್ಲಿ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ಇಂದಿನ ವಿಜಯಪುರ ಜಿಲ್ಲೆಯೂ ಒಂದು. ಪಾಠಕ್ಕೆ ಕ್ರಮವೂ ಬೆಳೆಗೆ ಅಡಿಗೆಮನೆಯೂ ಸಿದ್ಧವಿರಲು, ಬೇಕಾದದ್ದು ತುಂಡು ನೆಲ ಮತ್ತು ನೀರು ಮಾತ್ರ.

ಜೂನ್ ತಿಂಗಳಿನ ಮಳೆ ಬಿದ್ದು ನೆಲ ಹದವಾದೊಡನೆ ಐದಾರು ಮೊಳಕ್ಕೊಂದರಂತೆ, ಮೊಳದಷ್ಟು ಅಗಲ ಮತ್ತು ಆಳದ ಕುಣಿಗಳನ್ನು ತೋಡಿ, ಕಳಿತ ತಿಪ್ಪೆಗೊಬ್ಬರವನ್ನು ಮಣ್ಣಿನೊಡನೆ ಬೆರಸಿ ತುಂಬತಕ್ಕದ್ದು. ಎರೆಭೂಮಿಯಲ್ಲಿ ನೀರು ನಿಲ್ಲದಂತೆ ದಿಬ್ಬವನ್ನೇರಿಸಬೇಕು. ಕುಣಿಗೆ ಮೂರು ನಾಲ್ಕು ಬೀಜವನ್ನೂರಿ, ಸಸಿಗಳಾದ ಮೇಲೆ ಎರಡನ್ನುಳಿಸುವುದು. ಬೆಂಗಳೂರಿನ ತೋಟಗಾರಿಕೆ ಸಂಶೋಧನ ಸಂಸ್ಥೆಯ ‘ಅರ್ಕ ಸೂರ್ಯಮುಖಿ’ ತಳಿಯ ಕಾಯಿ ಒಂದೂವರೆ ಕಿಲೋ ಮೀರದ್ದರಿಂದ ಮಕ್ಕಳು ಸುಲಭವಾಗಿ ಎತ್ತಬಲ್ಲರು. ಕೆಲವು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮೊಳಕೆಗಿಂತ ಮುನ್ನ ಬೇರು ಹೊರಡುವುದನ್ನು ಅವರು ನೋಡುವರು. ವಾರಕ್ಕೊಮ್ಮೆ ದಾರದಿಂದ ಬಳ್ಳಿಯನ್ನಳೆದು ಬರೆದಿಟ್ಟರೆ ಅದೇ ಲೆಕ್ಕದ ಪಾಠವಾಗುವುದು.

ಬಳ್ಳಿಯಲ್ಲಿ ಮೊದಲು ಗಂಡುಹೂಗಳು, ಅನಂತರ ಬುಡದಲ್ಲಿ ಪುಟ್ಟ ಕಾಯಿಯುಳ್ಳ ಹೆಣ್ಣುಹೂಗಳು ಬರುವುವು. ಮರುದಿನ ಅರಳಲಿರುವ ಎರಡು ಹೆಣ್ಣುಮೊಗ್ಗೆಗಳ ತುದಿಯನ್ನು ಸಂಜೆಯಲ್ಲಿ ದಾರದಿಂದ ಮೆಲ್ಲಗೆ ಕಟ್ಟಬೇಕು. ಬೆಳಗಾಗುತ್ತಲೆ ಒಂದನ್ನು ಬಿಚ್ಚಿ, ಹೊಸದಾಗಿ ಅರಳಿದ ಗಂಡುಹೂವಿನ ಪರಾಗವನ್ನು ಅದಕ್ಕೆ ಸವರಿ ಮತ್ತೆ ಕಟ್ಟಬೇಕು; ಇನ್ನೊಂದನ್ನು ಬಿಚ್ಚಕೂಡದು. ವಾರದೊಳಗೆ ಮೊದಲನೆಯದು ಬೆಳೆಯತೊಡಗುವುದು, ಎರಡನೆಯದು ಹಳದಿಯಾಗಿ ಉದುರುವುದು. ಹೀಚಿನ ನಾಶಕ್ಕೆ ಕಾರಣವು ದೃಷ್ಟಿಯಲ್ಲ, ಪರಾಗದ ಅಭಾವವೆಂದೂ, ಮಕ್ಕಳ ಕೈ ಮಾಡಿದ ಕೆಲಸವನ್ನು ನಿತ್ಯವೂ ಜೇನ್ನೊಣವು ಮಾಡುವುದೆಂದೂ ಆಗ ಬೇರೆ ಹೇಳಬೇಕಾಗಿಲ್ಲ.

ಕಾಯಿ ಬಲಿತ ಮೇಲೆ ತೂಗಿ, ಸೀಳಿ, ಬೀಜಗಳನ್ನು ಹತ್ತು ಹತ್ತಾಗಿ ಎಣಿಸಬಹುದು. ಅದರ ತಿರುಳಿನ ಹಳದಿಯಲ್ಲಿಯೇ ಕಣ್ಣಿಗೆ ಹಿತವಾದ ಸತ್ವವಿರುವುದೆಂದು ತಿಳಿಸಿ ಬಿಸಿಯೂಟದಲ್ಲಿ ಬಡಿಸಬೇಕು. ಪಕ್ಕದಲ್ಲಿ ಬೂದುಗುಂಬಳವನ್ನಿಟ್ಟು ಮುಟ್ಟಿಸಿದರೆ, ಕುಂಬಳಕಾಯಿ ಕಳ್ಳನು ಹೆಗಲನ್ನೇಕೆ ಮುಟ್ಟಿ ನೋಡಿಕೊಂಡನೆಂಬ ಗಾದೆಯ ಮರ್ಮವೂ ಕೈಗೆ ಅಂಟುವುದು.

ಈ ಪಾಠದ ಫಲವು ಶಾಲೆಯ ಬೇಲಿಯೊಳಗೆ ನಿಲ್ಲತಕ್ಕದ್ದಲ್ಲ. ಇದೇ ಜೇನ್ನೊಣವು ಹೊಲದ ಸೂರ್ಯಕಾಂತಿಯ ಕಾಳನ್ನೂ ತುಂಬಿಸುವುದು. ಹೂ ಅರಳಿದ ಬೆಳೆಗೆ ಮುಂಜಾನೆ ವಿಷದ ಔಷಧಿಯನ್ನು ಸಿಂಪಡಿಸಿದವನು ಕೀಟದೊಡನೆ ತನ್ನ ಕೂಲಿಯಿಲ್ಲದ ಆಳನ್ನೂ ಕೊಂದಂತಾಯಿತು. ಹೂವಿನ ಕಾಲದಲ್ಲಿ ಸಿಂಪಡಿಸದಿರುವುದೇ ಲೇಸು. ಅನಿವಾರ್ಯವಾದರೆ ನೊಣಗಳು ಗೂಡಿಗೆ ಮರಳಿದ ಸಂಜೆಯಲ್ಲಿ ಮಾಡಬೇಕು. ಶಾಲೆಯ ಬಳ್ಳಿಗಂತೂ ವಿಷ ಸೋಕಕೂಡದು. ಕೆಂಪು ದುಂಬಿಗಳನ್ನು ಬೆಳಿಗ್ಗೆ ಕೈಯಿಂದ ಆಯ್ದರೆ ಸಾಕು.

ಆದಕಾರಣ ಗ್ರಾಮದ ಗೌಡರೂ ಪಂಚಾಯತಿಯ ಸದಸ್ಯರೂ ಜಮೀನುದಾರರೂ ಈ ಮಳೆಗಾಲದಲ್ಲಿ ಶಾಲೆಗೊಂದು ಚಕ್ಕಡಿ ಗೊಬ್ಬರ, ದನಕರುಗಳನ್ನು ತಡೆಯುವ ಮುಳ್ಳಿನ ಬೇಲಿ, ದಸರೆಯ ರಜೆಯಲ್ಲಿ ನೀರುಣಿಸಲು ಒಬ್ಬ ಆಳು, ಇಷ್ಟನ್ನು ಒದಗಿಸಿಕೊಡಬೇಕು. ವೆಚ್ಚವು ಅಲ್ಪ; ಕಾರಣವನ್ನರಿತು ಒಕ್ಕಲುತನ ಮಾಡುವ ಮಕ್ಕಳೇ ಅದರ ಲಾಭ.